ಕ ಖ ಗ ಘ ಙ ಹಿಡಿದು ವೆಲ್ಶ್ ಕಲಿತದ್ದು

ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ಅಲ್ಲಿನ ಭಾಷೆ ವೆಲ್ಶ್ ಬಾರದೆ ಆರಾಮಾಗಿ ಇರಬಹುದು. ಅಂಗಡಿ, ಬ್ಯಾಂಕ್, ಆಸ್ಪತ್ರೆ ಎಲ್ಲ ಕಡೆ ಇಂಗ್ಲಿಷ್ ನಡೆಯುತ್ತದೆ. 2021ರ ಜನಗಣತಿಯ ಪ್ರಕಾರ ಇಡೀ ವೇಲ್ಸ್‌ನಲ್ಲಿ ವೆಲ್ಶ್ ಮಾತಾಡುವವರು ಸುಮಾರು 5 ಲಕ್ಷ 38 ಸಾವಿರ, ಅಂದರೆ ಶೇ. 17.8. ನಾನು ಕಲಿಯೋಕೆ ಹೊರಟಿದ್ದು ಮಗಳಿಂದಾಗಿ. ಅವಳನ್ನು ವೆಲ್ಶ್ ಮಾಧ್ಯಮದ ಶಾಲೆಗೆ ಸೇರಿಸಿದೆವು. ಹೋಮ್‌ವರ್ಕ್ ನೋಡಿದರೆ ನಮಗೆ ಒಂದಕ್ಷರ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ದೊಡ್ಡವರ ಸಂಜೆ ತರಗತಿಗೆ ಹೆಸರು ಕೊಟ್ಟೆ.

ಇಲ್ಲಿ ದೊಡ್ಡವರ ಕೋರ್ಸಿನ ಮೊದಲ ಹಂತಕ್ಕೆ ಮನೆಡ್ಯಾಡ್ ಅಂತಾರೆ. ಅದಾದ ಮೇಲೆ ಸಲ್ವೈನ್, ಕನೋಲ್ರಾದ್ ಅಂತ ಮೇಲಕ್ಕೆ ಹೋಗುತ್ತದೆ. ಪುಸ್ತಕ ದಕ್ಷಿಣದವರಿಗೆ ಬೇರೆ, ಉತ್ತರದವರಿಗೆ ಬೇರೆ. ಧಾರವಾಡ, ಮೈಸೂರು ಕನ್ನಡದ ಹಾಗೇ ಅಂದುಕೊಳ್ಳಿ. ನನ್ನ ತರಗತಿಯಲ್ಲಿ ಮಿಕ್ಕವರೆಲ್ಲ ಹುಟ್ಟಾ ಇಂಗ್ಲಿಷ್ ಮಾತಾಡುವವರು. ಪಾಠವೂ ಇಂಗ್ಲಿಷ್ ಮೂಲಕವೇ. ಪ್ರತಿ ನಿಯಮವನ್ನೂ "ಇಂಗ್ಲಿಷ್‌ನಲ್ಲಿ ಹೀಗಿಲ್ಲ, ಇಲ್ಲಿ ಮಾತ್ರ ಹೀಗೆ" ಅಂತ ಹೇಳಿಕೊಡುತ್ತಿದ್ದರು. ನಾನೂ ಇಂಗ್ಲಿಷ್ ತಲೆಯಲ್ಲೇ ಕೂತು ಕೇಳುತ್ತಿದ್ದೆ, ಅವರ ಜೊತೆ ನಾನೂ ಒದ್ದಾಡುತ್ತಿದ್ದೆ.

ಎಲ್ಲರೂ ಹೆದರುವುದು ಮ್ಯುಟೇಶನ್‌ಗೆ. ಪದದ ಮೊದಲ ಅಕ್ಷರವೇ ಬದಲಾಗುತ್ತದೆ. ಬೆಕ್ಕಿಗೆ ಕಾಥ್ ಅಂತಾರೆ. ಆದರೆ ನನ್ನ ಬೆಕ್ಕು "ವ ಙ್ಹಾಥ್ ಇ", ನಿನ್ನ ಬೆಕ್ಕು "ಡ ಗಾಥ್ ಡೀ", ಅವಳ ಬೆಕ್ಕು "ಈ ಖಾಥ್ ಹೀ". ಒಂದೇ ಬೆಕ್ಕಿಗೆ ನಾಲ್ಕು ವೇಷ. ಪುಸ್ತಕದ ಕೊನೆಯಲ್ಲಿ ಇದಕ್ಕೆ ಒಂದು ಕೋಷ್ಟಕ ಇರುತ್ತದೆ. ಅದನ್ನು ಬಾಯಿಪಾಠ ಮಾಡಬೇಕು ಅಂದಾಗ ತರಗತಿಯಲ್ಲಿ ಎಲ್ಲರೂ ಉಸ್ಸಪ್ಪಾ ಅಂದರು.

ಒಂದು ಸಂಜೆ ಆ ಕೋಷ್ಟಕವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಉಚ್ಚಾರ ನೆನಪಿರಲಿ ಅಂತ ಸುಮ್ನೆ ಬರೆದದ್ದು. ಕ ಸಾಲಿನಲ್ಲಿ ಬಂದದ್ದು ಗ, ಖ, ಙ. ಪ ಸಾಲಿನಲ್ಲಿ ಬ, ಫ, ಮ. ಟ ಸಾಲಿನಲ್ಲಿ ಡ, ಥ, ನ. ಇದನ್ನು ಎಲ್ಲಿ ನೋಡಿದ್ದೇನೆ ಅಂತ ಯೋಚಿಸಬೇಕಾಗಲೇ ಇಲ್ಲ. ಒಂದನೇ ಕ್ಲಾಸಿನಲ್ಲಿ ರಾಗವಾಗಿ ಹೇಳಿದ ವರ್ಗಾಕ್ಷರದ ಸಾಲು ಅದು! ಮೊದಲ ಮನೆಯಲ್ಲಿ ನಿಂತ ಅಕ್ಷರ ಮೂರನೇ ಮನೆಗೆ ಹೋದರೆ ಮೃದು ಮ್ಯುಟೇಶನ್. ಎರಡನೇ ಮನೆಗೆ ಹೋದರೆ ಮಹಾಪ್ರಾಣದ್ದು. ಐದನೇ ಮನೆಗೆ ಹೋದರೆ ಅನುನಾಸಿಕ. ಇಂಗ್ಲಿಷ್‌ನವರಿಗೆ ಕೆ, ಜಿ, ಎನ್‌ಜಿ ಮೂರೂ ಒಂದೇ ಮನೆತನ ಅಂತ ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ಅವರ ಅಕ್ಷರಮಾಲೆಯಲ್ಲಿ ಅವು ಎಲ್ಲೆಲ್ಲೋ ಚದುರಿ ಹೋಗಿವೆ. ನಮಗೆ ಬಾಯಿಯ ಯಾವ ಜಾಗದಲ್ಲಿ ಯಾವುದು ಹುಟ್ಟುತ್ತದೆ ಅನ್ನೋ ಲೆಕ್ಕದಲ್ಲೇ ಜೋಡಿಸಿಟ್ಟಿದ್ದಾರೆ. ಕನ್ನಡದಲ್ಲಿ ಒಂಟಿಯಾಗಿ ಎಂದೂ ಬಾರದ ಆ ಙ ಕೂಡ ಇಲ್ಲಿ ಪದದ ಮೊದಲಲ್ಲೇ ಬಂದು ನಿಲ್ಲುತ್ತದೆ.

ಪೂರ್ತಿ ಹೊಂದುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವರ ಎರಡನೇ ಮನೆಯ ಅಕ್ಷರಗಳು ನಮ್ಮ ಮಹಾಪ್ರಾಣವಲ್ಲ, ಉಸಿರು ಉಜ್ಜಿಕೊಂಡು ಬರುವ ಸದ್ದುಗಳು. ಫ ಅನ್ನೋದು ಫ್ಯಾನ್‌ನ ಫ. ಖ ಅನ್ನೋದು ಗಂಟಲು ಕೆರೆದ ಹಾಗೆ. ಅನುನಾಸಿಕದಲ್ಲಿ ಕ, ಟ, ಪ ಹೋದರೂ ಹಿಂದೆ ಒಂದು ಹ ಉಳಿಯುತ್ತದೆ. ಗ, ಡ, ಬ ಹೋದರೆ ಹ ಇಲ್ಲ, ಬರೀ ಙ, ನ, ಮ.

ಮೃದು ಮ್ಯುಟೇಶನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದಿನವಿಡೀ ಕಿವಿಗೆ ಬೀಳುವುದು ಅದೇ. ಕ, ಟ, ಪ ಹೋಗಿ ಗ, ಡ, ಬ ಬರುತ್ತವೆ. ನಾವು ಇದನ್ನು ಆದೇಶ ಸಂಧಿ ಅಂತ ಕಲಿತಿದ್ದೇವೆ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಇನ್ನೂ ಮಜಾ ಮುಂದಿದೆ. ವೆಲ್ಶ್‌ನಲ್ಲಿ ಬ ಮತ್ತು ಮ ಎರಡೂ ಮೆತ್ತಗಾದರೆ ವ ಆಗುತ್ತವೆ. ಹುಡುಗಿಗೆ ಮೆರ್ಖ್, ಆ ಹುಡುಗಿ ಅನ್ನಬೇಕಾದರೆ "ಅ ವೆರ್ಖ್". ಹಳಗನ್ನಡದಲ್ಲಿ ಮೆಲ್ ಮತ್ತು ಮಾತು ಸೇರಿ ಮೆಲ್ವಾತು ಆಯಿತಲ್ವಾ? ಕಡು ಮತ್ತು ಬೆಳ್ಪು ಸೇರಿ ಕಡುವೆಳ್ಪು? ಅದೇ ಮ, ಅದೇ ಬ, ಅದೇ ವ. ಎರಡು ಭಾಷೆಗೂ ನಂಟಸ್ತಿಕೆ ಏನಿಲ್ಲ. ಬಾಯಿ ಎಲ್ಲರದ್ದೂ ಒಂದೇ, ಅಷ್ಟೇ.

ವ್ಯತ್ಯಾಸ ಎಲ್ಲಿದೆ ಅಂದರೆ, ನಮ್ಮಲ್ಲಿ ಎರಡು ಪದ ಕೂಡಿ ಒಂದಾದಾಗ ಇದು ನಡೆಯುತ್ತದೆ. ಅಲ್ಲಿ ಪದಗಳು ಬೇರೆ ಬೇರೆಯಾಗಿಯೇ ನಿಂತಿದ್ದರೂ ನಡೆಯುತ್ತದೆ. ಯಾಕೆ ಅಂತ ಕೇಳಿದಾಗ ಟೀಚರ್ ಒಳ್ಳೆಯ ಉತ್ತರ ಕೊಟ್ಟರು. ಅವನ ಅನ್ನೋಕೂ "ಈ", ಅವಳ ಅನ್ನೋಕೂ "ಈ". ಅಪ್ಪನಿಗೆ ಟಾಡ್. ಆದರೆ ಅವನ ಅಪ್ಪ "ಈ ಡಾಡ್", ಅವಳ ಅಪ್ಪ "ಈ ಥಾಡ್". ತುಂಬಾ ಹಿಂದೆ ಅವನ ಅನ್ನೋ ಪದ ಸ್ವರದಲ್ಲಿ ಮುಗಿಯುತ್ತಿತ್ತು, ಅವಳ ಅನ್ನೋದು ಸಕಾರದಲ್ಲಿ. ಸ್ವರದ ಪಕ್ಕ ಸಿಕ್ಕ ಟ ಮೆತ್ತಗಾಯಿತು, ಸಕಾರದ ಪಕ್ಕ ಸಿಕ್ಕಿದ್ದು ಬೇರೆ ದಾರಿ ಹಿಡಿಯಿತು. ಆಮೇಲೆ ಆ ಕೊನೆಗಳು ಉದುರಿಹೋದವು, ಬದಲಾವಣೆ ಮಾತ್ರ ಉಳಿಯಿತು. ಹಾಗಾಗಿ ಈಗ ಅಪ್ಪ ಯಾರ ಅಪ್ಪ ಅಂತ ಗೊತ್ತಾಗುವುದೇ ಆ ಒಂದು ಅಕ್ಷರದಿಂದ. ಇದು ಅಲಂಕಾರಕ್ಕೆ ಇರುವ ನಿಯಮ ಅಲ್ಲ ಅನ್ನೋದು ನನಗೆ ಆವತ್ತು ಮನಸ್ಸಿಗೆ ಬಂತು.

ಅಭ್ಯಾಸಕ್ಕೆ ನಾನು ಹಿಡಿದದ್ದು ರೈಲು ನಿಲ್ದಾಣದ ಹೆಸರುಗಳನ್ನು. ಇಲ್ಲಿ ಬೋರ್ಡುಗಳಲ್ಲಿ ಎರಡೂ ಭಾಷೆ ಇರುತ್ತದೆ, ರೈಲಿನಲ್ಲಿ ಕೂಗುವುದೂ ಎರಡರಲ್ಲಿ. ಊರಿಗೆ ಅನ್ನಬೇಕಾದರೆ "ಇ" ಸೇರಿಸಿ ಮೆತ್ತಗೆ ಮಾಡಬೇಕು. ಊರಿನಲ್ಲಿ ಅನ್ನಬೇಕಾದರೆ "ಅನ್" ಸೇರಿಸಿ ಅನುನಾಸಿಕ ಮಾಡಬೇಕು. ಪೆನಾರ್ಥ್: ಇ ಬೆನಾರ್ಥ್, ಅಮ್ ಮ್ಹೆನಾರ್ಥ್. ಟ್ರೆಹರ್ಬರ್ಟ್: ಇ ಡ್ರೆಹರ್ಬರ್ಟ್, ಅನ್ ನ್ಹ್ರೆಹರ್ಬರ್ಟ್. ಕಾರ್ಡಿಫ್ ಅಂದರೆ ಕೈರ್‌ಡೀದ್: ಇ ಗೈರ್‌ಡೀದ್, ಅಙ್ ಙ್ಹೈರ್‌ಡೀದ್. ನೋಡಿ, "ಅನ್" ತಾನೂ ಬದಲಾಗುತ್ತದೆ. ಪ ಮುಂದೆ ಅಮ್, ಕ ಮುಂದೆ ಅಙ್. ನಮ್ಮ ಸೊನ್ನೆ ಪಂಪದಲ್ಲಿ ಮ ಆಗಿ, ಗಂಗೆಯಲ್ಲಿ ಙ ಆಗಿ ಕೇಳಿಸುವುದೂ ಇದೇ ಕಾರಣಕ್ಕೆ. ಪಕ್ಕದಲ್ಲಿ ಕೂತವರು ವಿಚಿತ್ರವಾಗಿ ನೋಡಬಹುದು, ನೋಡಲಿ ಬಿಡಿ.

ಇನ್ನೊಂದು ವಿಷಯ. ಮೃದುವಾದಾಗ ಗ ಪೂರ್ತಿ ಮಾಯವಾಗುತ್ತದೆ. ತೋಟಕ್ಕೆ ಗಾರ್ದ್, ಆ ತೋಟ "ಅರ್ ಆರ್ದ್". ಓದುವಾಗ ಸ್ವರದಿಂದ ಶುರುವಾದ ಪದ ನಿಘಂಟಿನಲ್ಲಿ ಸಿಗದಿದ್ದರೆ ಮುಂದೆ ಒಂದು ಗ ಸೇರಿಸಿ ಹುಡುಕಿ. ಬಹಳ ಸಲ ಸಿಗುತ್ತದೆ.

ಮ್ಯುಟೇಶನ್ ಆಯಿತು. ವಾಕ್ಯದ ವಿಷಯಕ್ಕೆ ಬಂದರೆ, ಕ್ರಿಯಾಪದ ಎಲ್ಲಕ್ಕಿಂತ ಮುಂದೆ. ನಮ್ಮಲ್ಲಿ ಕೊನೆಗೆ. ಇಲ್ಲಿ ಕನ್ನಡ ಏನೂ ಉಪಯೋಗಕ್ಕೆ ಬರಲಿಲ್ಲ, ಹೇಳಿ ಹೇಳಿಯೇ ರೂಢಿಯಾಗಬೇಕಾಯಿತು. ಆದರೆ ವಾಕ್ಯದ ಒಳಗಿನ ಲೆಕ್ಕ ನಮ್ಮದೇ. ಕಾರು ಇದೆ ಅನ್ನೋಕೆ "ಮೈ ಕಾರ್ ಡಾ ವೀ". ಇದೆ, ಕಾರು, ನನ್ನ ಹತ್ತಿರ. ಇಂಗ್ಲಿಷ್‌ನವರು ತಮ್ಮ 'ಹ್ಯಾವ್' ಎಲ್ಲಿ ಹೋಯಿತು ಅಂತ ಹುಡುಕುತ್ತಿದ್ದರು. ನನಗೆ ಹುಡುಕುವುದಕ್ಕೆ ಏನೂ ಇರಲಿಲ್ಲ. ಶೀತ, ಜ್ವರ, ಭಯ ಕೂಡ ಹಾಗೇ. ಅವು ನನ್ನ ಮೇಲೆ ಇರುತ್ತವೆ, ನಾನು ಅವನ್ನು ಇಟ್ಟುಕೊಳ್ಳುವುದಿಲ್ಲ. ನಮಗೆ ಶೀತ ಆಗುತ್ತದೆ, ಅವರಿಗೆ ಶೀತ ಮೇಲೆ ಬರುತ್ತದೆ.

ಹೌದು, ಇಲ್ಲ ಅನ್ನೋದರಲ್ಲೂ ಇದೇ ಕಥೆ. ವೆಲ್ಶ್‌ನಲ್ಲಿ ಎಲ್ಲದಕ್ಕೂ ಒಪ್ಪುವ ಒಂದೇ 'ಹೌದು' ಅನ್ನೋದು ಇಲ್ಲ. ಪ್ರಶ್ನೆಯ ಕ್ರಿಯಾಪದವನ್ನೇ ಹಿಡಿದು ಉತ್ತರ ಕೊಡಬೇಕು. ಕಾಫಿ ಇದೆಯಾ ಅಂದರೆ "ಓಯ್ಸ್", ಇದೆ. ಬರುತ್ತೀಯಾ ಅಂದರೆ "ಅಡು". ಆಗಿಹೋದದ್ದರ ಪ್ರಶ್ನೆಗೆ "ಡೋ" ಅಥವಾ "ನಾದೊ". ನಾವೂ ಕಾಫಿ ಬೇಕಾ ಅಂದರೆ ಬೇಕು ಅಂತೀವಿ, ಹೌದು ಅನ್ನಲ್ಲ. ಇನ್ನು "ನೀವು ಟೀಚರ್ರಾ?" ಅಂತ ಹೆಸರಿಗೆ ಒತ್ತು ಕೊಟ್ಟು ಕೇಳಿದರೆ "ನಾಗೆ" ಅನ್ನಬೇಕು. ಇದು ನಮ್ಮ 'ಅಲ್ಲ' ಅನ್ನೋ ಪದಕ್ಕೆ ಸರಿಯಾಗಿ ಹೊಂದುತ್ತದೆ. ಇಲ್ಲ ಬೇರೆ, ಅಲ್ಲ ಬೇರೆ ಅನ್ನೋದು ಗೊತ್ತಿದ್ದರೆ ಆ ಪಾಠ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಸಂಖ್ಯೆಯ ಮುಂದೆ ಬಹುವಚನ ಬೇಡ. ಮೂರು ಬೆಕ್ಕು ಅಂದರೆ ಸಾಕು. ದೊಡ್ಡವರಿಗೆ ನೀವು, ಗೆಳೆಯರಿಗೆ ನೀನು. ಇವನ್ನೆಲ್ಲ ಹೇಳಿಕೊಡಬೇಕಾಗಲಿಲ್ಲ.

ನಿಜವಾದ ತಲೆನೋವು ಲಿಂಗ. ಕುರ್ಚಿ ಹೆಣ್ಣು, ಮೇಜು ಗಂಡು. ಕನ್ನಡದಲ್ಲಿ ಎರಡೂ ನಪುಂಸಕ, ಹಾಗಾಗಿ ಮನಸ್ಸು ಒಪ್ಪೋದೇ ಇಲ್ಲ. ನಾನು ಪ್ರತಿ ನಾಮಪದವನ್ನೂ "ಪುಟ್ಟ" ಅನ್ನೋ ಪದದ ಜೊತೆಗೇ ಕಲಿಯುತ್ತೇನೆ. ಮೇಜಿಗೆ "ಬೂರ್ದ್ ಬಾಖ್", ಕುರ್ಚಿಗೆ "ಕಾಡೈರ್ ವಾಖ್". ಬ ಉಳಿದರೆ ಗಂಡು, ವ ಆದರೆ ಹೆಣ್ಣು. ಬರೀ ಕಾಡೈರ್ ಅಂತ ಪಟ್ಟಿ ಮಾಡಿಕೊಂಡರೆ ಲಿಂಗ ಮರೆತೇ ಹೋಗುತ್ತದೆ.

ಹೊಸದಾಗಿ ಶುರು ಮಾಡುವವರು ಮೃದು ಮ್ಯುಟೇಶನ್ ಒಂದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಮಿಕ್ಕ ಎರಡನ್ನು ಇಲ್ಲಿಯವರೇ ಮಾತಿನಲ್ಲಿ ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ತಪ್ಪಿದರೂ ಅರ್ಥ ಆಗುತ್ತದೆ.

ಈಗ ನಾನು ಭೂತಕಾಲದಲ್ಲಿದ್ದೇನೆ. ಹೋಗು, ಬಾ, ಮಾಡು, ಸಿಗು ಅನ್ನೋ ನಾಲ್ಕು ಕ್ರಿಯಾಪದಗಳು ಯಾವ ನಿಯಮಕ್ಕೂ ಬಗ್ಗುವುದಿಲ್ಲ. ಹೋದೆ ಅನ್ನೋಕೆ "ಏಸ್ ಇ", ಬಂದೆ ಅನ್ನೋಕೆ "ಡೇಸ್ ಇ". ಮಿಕ್ಕ ಕ್ರಿಯಾಪದಗಳ ರೂಪ ನೆನಪಾಗದಿದ್ದರೆ ಒಂದು ಒಳದಾರಿ ಇದೆ. ಮಾಡು ಅನ್ನೋದನ್ನು ಭೂತಕಾಲಕ್ಕೆ ತಂದು ಮುಂದಿಟ್ಟು, ಬೇಕಾದ ಕ್ರಿಯೆಯನ್ನು ಹಿಂದೆ ಹಾಕುವುದು. "ನೇಸ್ ಇ ಫೋನ್ಯೊ", ಫೋನ್ ಮಾಡಿದೆ. ಟೀಚರ್‌ಗೆ ಮಾಡು ಸೇರಿಸದ ಚಿಕ್ಕ ರೂಪವೇ ಇಷ್ಟ. ನಾನು ತರಗತಿಯಲ್ಲಿ ಅದನ್ನು ಬಳಸುತ್ತೇನೆ, ಶಾಲೆಯ ಗೇಟಿನ ಹತ್ತಿರ ಬೇರೆ ಅಪ್ಪ ಅಮ್ಮಂದಿರ ಜೊತೆ ಮಾತಾಡುವಾಗ ಮಾತ್ರ ಎಲ್ಲದಕ್ಕೂ ಮಾಡಿದೆ, ಮಾಡಿದೆ ಅಂತಲೇ ನಡೆಸುತ್ತೇನೆ.