ಜುಶಿನ್ ಲೈಗರ್ ಪಂದ್ಯಗಳು: ಎಲ್ಲಿಂದ ಶುರು ಮಾಡಬೇಕು, ಏನನ್ನು ಗಮನಿಸಬೇಕು

ಜುಶಿನ್ ಲೈಗರ್ ಎಂಬುದು ಜಪಾನಿನ ಪ್ರೊ ರೆಸ್ಲಿಂಗ್ (ಮೊದಲೇ ಕಥೆ ಕಟ್ಟಿ ಆಡುವ ಪ್ರದರ್ಶನ ಕುಸ್ತಿ) ಪಟು ಕೆಯಿಚಿ ಯಮಾಡಾ ಅವರ ಕಣದ ಹೆಸರು. ಅವರ ಎತ್ತರ 170 ಸೆಂ.ಮೀ. ಕುಳ್ಳ ಎಂಬ ಕಾರಣಕ್ಕೆ ನ್ಯೂ ಜಪಾನ್ ಎಂಬ ಕುಸ್ತಿ ಕಂಪನಿ ಮೊದಲು ಸೇರಿಸಿಕೊಳ್ಳಲಿಲ್ಲ. ಅವರು ಕುಸ್ತಿ ಕಲಿಯಲು ಮೆಕ್ಸಿಕೊಗೆ ಹೋದರು, 1984ರಲ್ಲಿ ಅದೇ ಕಂಪನಿಯಲ್ಲಿ ಕಣಕ್ಕಿಳಿದರು. 1989ರ ಏಪ್ರಿಲ್ 24ರಂದು ಟೋಕಿಯೊ ಡೋಮ್‌ನಲ್ಲಿ ಮುಖವಾಡ ತೊಟ್ಟು ಲೈಗರ್ ಆದರು. 2020ರವರೆಗಿನ ಇಷ್ಟೊಂದು ಪಂದ್ಯಗಳನ್ನು ಇಸವಿ ಹಿಡಿದು ನೋಡಹೊರಟರೆ ಅರ್ಧದಲ್ಲೇ ಕೈಬಿಡುತ್ತೀರಿ.

1992ರ ಫೆಬ್ರವರಿ 29ರಂದು ಅಮೆರಿಕದ ಮಿಲ್ವಾಕಿಯಲ್ಲಿ ಬ್ರಯಾನ್ ಪಿಲ್‌ಮನ್ ಜೊತೆ ನಡೆದ ಪಂದ್ಯದಿಂದ ಶುರು ಮಾಡಿ. ಕಾಮೆಂಟರಿ ಇಂಗ್ಲಿಷಿನಲ್ಲಿದೆ, ಎದುರಾಳಿಯೂ ಸಣ್ಣ ಮೈಕಟ್ಟಿನವರು. ಆಮೇಲೆ 1990ರ ಜನವರಿ 31ರ ನಾವೋಕಿ ಸಾನೊ ಪಂದ್ಯ: ಮುಖವಾಡ ಹರಿದು, ರಕ್ತ ಸುರಿಯುತ್ತಿದ್ದರೂ ಲೈಗರ್ ಗೆಲ್ಲುತ್ತಾರೆ.

ಮೂರನೆಯದು 1994ರ ಏಪ್ರಿಲ್ 16ರ ಸೂಪರ್ ಜೆ ಕಪ್ ಪಂದ್ಯಾವಳಿಯ ಸೆಮಿಫೈನಲ್. ಕಣದ ಸುತ್ತಲಿನ ಹಗ್ಗದ ಮೇಲಿಂದ ಹಾರಲು ಹೋದ ಎದುರಾಳಿ ಗ್ರೇಟ್ ಸಾಸುಕೆ ಜಾರಿ ಬೀಳುತ್ತಾರೆ. ಲೈಗರ್ ಅಣಕಿಸಿ ಚಪ್ಪಾಳೆ ತಟ್ಟುತ್ತಾರೆ, ಮರುಕ್ಷಣವೇ ಲೈಗರ್ ಅವರನ್ನೇ ಸಾಸುಕೆ ಚಿತ್ ಮಾಡುತ್ತಾರೆ. ಆ ಎಡವಟ್ಟನ್ನೇ ಕಥೆಯೊಳಗೆ ಸೇರಿಸಿದ ಜಾಣತನಕ್ಕಾಗಿ ಇದನ್ನು ಎರಡು ಸಲ ನೋಡಿ.

ಲೈಗರ್ ಹೆಸರಿನೊಂದಿಗೇ ಬೆಸೆದ ಪಟ್ಟು ಶೂಟಿಂಗ್ ಸ್ಟಾರ್ ಪ್ರೆಸ್. ಎಲ್ಲಕ್ಕಿಂತ ಮೇಲಿನ ಹಗ್ಗದಿಂದ ಮುಂದಕ್ಕೆ ಜಿಗಿದು, ಗಾಳಿಯಲ್ಲಿ ಹಿಂದಕ್ಕೆ ಲಾಗ ಹೊಡೆದು, ಮಲಗಿದವರ ಮೇಲೆ ಹೊಟ್ಟೆ ಅಡಿಯಾಗಿ ಬೀಳಬೇಕು. ಮೊದಲು ಮೇಲಕ್ಕೆ ಚಿಮ್ಮಬೇಕು, ಆಮೇಲೆ ಮಂಡಿ ಮಡಚಬೇಕು. ಜಿಗಿತ ತಗ್ಗಿದರೆ ಲಾಗ ಪೂರ್ತಿಯಾಗದೆ ತಲೆ ನೆಲಕ್ಕೆ ಬಡಿಯುತ್ತದೆ. ತಿರುಗುವುದು ಹೆಚ್ಚಾದರೆ ಮಂಡಿ ಎದುರಾಳಿಗೆ ನಾಟುತ್ತದೆ. 2003ರಲ್ಲಿ ಅಮೆರಿಕದ ದೊಡ್ಡ ಕುಸ್ತಿ ಪ್ರದರ್ಶನ ರೆಸಲ್‌ಮೇನಿಯಾದಲ್ಲಿ ಇದೇ ಪಟ್ಟು ಹಾಕಲು ಹೋದ ಬ್ರಾಕ್ ಲೆಸ್ನರ್ ತಲೆಕೆಳಗಾಗಿ ಬಿದ್ದರು: ಎದುರಾಳಿ ಕರ್ಟ್ ಆ್ಯಂಗಲ್ ಮಲಗಿದ್ದ ಜಾಗ ದೂರವಾಗಿತ್ತು. ತರಬೇತಿಯಿಲ್ಲದೆ ಯಾರೂ ಇದಕ್ಕೆ ಕೈಹಾಕಬೇಡಿ.

ಹೊಸಬರು 2000ದ ನಂತರದ ಪಂದ್ಯಗಳಲ್ಲೂ ಇಂಥ ಹಾರಾಟ ಹುಡುಕಿ ನಿರಾಶರಾಗುತ್ತಾರೆ. 1996ರಲ್ಲಿ ಮೆದುಳಿನ ಗಡ್ಡೆಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಆಟ ನೆಲಕ್ಕೆ ಇಳಿಯಿತು. ಅಲ್ಲಿ ಶೋತೇಯ್ ನೋಡಿ: ಅಂಗೈ ಬುಡದಿಂದ ಗದ್ದಕ್ಕೆ ಕೊಡುವ ಹೊಡೆತ. ‘ಲೈಗರ್ ಬಾಂಬ್’ ಎಂಬ ಪಟ್ಟು ಹಾಕುವಾಗ ಎದುರಾಳಿಯನ್ನು ಎತ್ತಿ, ತಾವೂ ಕುಳಿತೇ ಬೀಳುತ್ತಾರೆ. ಹಾಗೆ ಕುಳಿತಲ್ಲೇ ಎದುರಾಳಿಯ ಭುಜಗಳನ್ನು ನೆಲಕ್ಕೆ ಒತ್ತುವುದರಿಂದ ಪಿನ್ (ಮೂರು ಎಣಿಸುವವರೆಗೆ ಭುಜ ಒತ್ತಿ ಹಿಡಿದು ಗೆಲ್ಲುವುದು) ಬೇಗ ಆಗುತ್ತದೆ.

2020ರ ಜನವರಿ 5ರ ವಿದಾಯ ಪಂದ್ಯವನ್ನು ಕೊನೆಗಿಡಿ. ಹಿರೋಮು ತಕಾಹಶಿ, ರ್‍ಯೂ ಲೀ ವಿರುದ್ಧ ಲೈಗರ್ ಜೊತೆಗಾರ ಅದೇ ನಾವೋಕಿ ಸಾನೊ. 1990ರ ಪಂದ್ಯ ನೋಡದೆ ಇದನ್ನು ಹಾಕಬೇಡಿ.