ಫಲಕದ ದರ ಬೇರೆ, ಊರಿಗೆ ಮುಟ್ಟುವ ದರ ಬೇರೆ

ಕೊಲ್ಲಿಯಿಂದ ಊರಿಗೆ ಹಣ ಕಳುಹಿಸುವವರಲ್ಲಿ ಹೆಚ್ಚಿನವರು ಎಕ್ಸ್‌ಚೇಂಜ್ ಕಚೇರಿಯ ಫಲಕದಲ್ಲಿರುವ ದರವನ್ನು ನೋಡಿಯೇ ತೀರ್ಮಾನಿಸುತ್ತಾರೆ. ಶಾರ್ಜಾದಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾ, ತಿಂಗಳು ತಿಂಗಳೂ ಕುಂದಾಪುರದ ಮನೆಗೆ ಹಣ ಕಳುಹಿಸುತ್ತಾ ಬಂದಿರುವ ನಾನು ಆ ಫಲಕವನ್ನು ಎಲ್ಲಕ್ಕಿಂತ ಕೊನೆಗೆ ನೋಡುತ್ತೇನೆ. ನನ್ನ ಕೈಯಿಂದ ಇಲ್ಲಿನ ಹಣವಾದ ದಿರ್ಹಮ್ ಒಟ್ಟು ಎಷ್ಟು ಹೋಯಿತು, ಊರಿನ ಖಾತೆಗೆ ಎಷ್ಟು ರೂಪಾಯಿ ಮುಟ್ಟಿತು? ಬಂದ ರೂಪಾಯಿಯನ್ನು ಹೋದ ದಿರ್ಹಮ್‌ನಿಂದ ಭಾಗಿಸಿದಾಗ ಸಿಗುವುದೇ ನಿಜವಾದ ದರ. ಉಳಿದದ್ದೆಲ್ಲ ಜಾಹೀರಾತು.

ಮೊದಲು ನೋಡಬೇಕಾದದ್ದು ಡಾಲರನ್ನು. ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಯುಎಇ 1997ರಿಂದಲೂ ನಿಗದಿ ಮಾಡಿಕೊಂಡಿದೆ; ಆ ಸಂಖ್ಯೆ ಬದಲಾಗಿಲ್ಲ. ಹಾಗಾಗಿ ದಿರ್ಹಮ್ ಏರಿತು ಎಂದು ಊಟದ ಹೊತ್ತಿನಲ್ಲಿ ಮಾತು ಹೊರಟರೆ, ಡಾಲರಿನ ಎದುರು ರೂಪಾಯಿ ಇಳಿದಿದೆ ಎಂದೇ ಅರ್ಥ. ಡಾಲರಿನ ರೂಪಾಯಿ ಬೆಲೆಯನ್ನು 3.6725ರಿಂದ ಭಾಗಿಸಿದರೆ ಒಂದು ದಿರ್ಹಮ್‌ಗೆ ಆ ಹೊತ್ತಿನ ಮಾರುಕಟ್ಟೆ ದರ ತಿಳಿಯುತ್ತದೆ. ಡಾಲರ್ 83 ರೂಪಾಯಿ ಇದ್ದಾಗ ಅದು 22.60. ಬ್ಯಾಂಕುಗಳು ತಮ್ಮತಮ್ಮಲ್ಲಿ ವ್ಯವಹರಿಸುವ ದರವಿದು, ಸಂಬಳದಾರರಾದ ನಮಗೆ ಸಿಗುವುದಿಲ್ಲ. ಆದರೂ ಇದನ್ನು ತಿಳಿಯದೆ ಕೌಂಟರಿನ ಮುಂದೆ ನಿಲ್ಲಬಾರದು. ಅವರು 22.50 ಕೊಟ್ಟರೆ ಹತ್ತು ಪೈಸೆ ಅವರ ಪಾಲು, 22.30 ಕೊಟ್ಟರೆ ಮೂವತ್ತು ಪೈಸೆ. ಮೊಬೈಲಿನಲ್ಲಿ ಹುಡುಕಿದಾಗ ಕಾಣುವ ದರವೂ ಈ ಮಾರುಕಟ್ಟೆ ದರವೇ. ಅದನ್ನು ಹಿಡಿದುಕೊಂಡು ಕೌಂಟರಿನ ಹುಡುಗನ ಜೊತೆ ಜಗಳವಾಡುವವರನ್ನು ಕಂಡಾಗ ನನಗೆ ಇಬ್ಬರ ಮೇಲೂ ಕನಿಕರ ಹುಟ್ಟುತ್ತದೆ.

ಇನ್ನು ಶುಲ್ಕ. ಎಕ್ಸ್‌ಚೇಂಜ್‌ಗಳು ಪ್ರತಿ ರವಾನೆಗೂ ಇಷ್ಟು ಎಂದು ಶುಲ್ಕ ಪಡೆಯುತ್ತವೆ. 2018ರಿಂದ ಅದರ ಮೇಲೆ ಶೇಕಡಾ 5ರ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಕೂಡ ಇದೆ. ಕೆಲವು ಬ್ಯಾಂಕುಗಳ ಆ್ಯಪ್‌ಗಳಲ್ಲಿ ಶುಲ್ಕವೇ ಇಲ್ಲ, ಆದರೆ ದರ ಸ್ವಲ್ಪ ಕಡಿಮೆ. ಯಾವುದು ಲಾಭ ಎಂದು ಕೇಳಿದವರಿಗೆಲ್ಲ ನಾನು ಎಷ್ಟು ಕಳುಹಿಸುತ್ತೀರಿ ಎಂದು ತಿರುಗಿ ಕೇಳುತ್ತೇನೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಎಕ್ಸ್‌ಚೇಂಜಿನ ದರ 22.50, ಶುಲ್ಕ ವ್ಯಾಟ್ ಸೇರಿ 21 ದಿರ್ಹಮ್; ಬ್ಯಾಂಕಿನ ದರ 22.40, ಶುಲ್ಕವಿಲ್ಲ. ಎಕ್ಸ್‌ಚೇಂಜಿನಲ್ಲಿ 3,000 ದಿರ್ಹಮ್ ಕಳುಹಿಸಲು ನೀವು 3,021 ಕೊಡುತ್ತೀರಿ, ಊರಿಗೆ 67,500 ರೂಪಾಯಿ ಹೋಗುತ್ತದೆ. ಅದೇ 3,021 ದಿರ್ಹಮ್ ಬ್ಯಾಂಕಿನ ಮೂಲಕ ಹೋದರೆ 67,670 ರೂಪಾಯಿ. ಫಲಕದಲ್ಲಿ ಹಿಂದಿದ್ದ ಬ್ಯಾಂಕು ಇಲ್ಲಿ ಗೆದ್ದಿತು. ಆದರೆ 10,000 ಕಳುಹಿಸುವವನಿಗೆ ಎಕ್ಸ್‌ಚೇಂಜಿನಲ್ಲಿ 500 ರೂಪಾಯಿಗೂ ಹೆಚ್ಚು ಉಳಿಯುತ್ತದೆ. ಎರಡೂ ಸಮವಾಗುವುದು ಸುಮಾರು 4,700 ದಿರ್ಹಮ್‌ನಲ್ಲಿ. ಇದನ್ನು ಕಂಡುಹಿಡಿಯಲು ಶುಲ್ಕವನ್ನು ಬ್ಯಾಂಕಿನ ದರದಿಂದ ಗುಣಿಸಿ, ಎರಡು ದರಗಳ ನಡುವಿನ ವ್ಯತ್ಯಾಸದಿಂದ ಭಾಗಿಸಬೇಕು, ಅಷ್ಟೇ. ನನ್ನ ಮೊಬೈಲಿನಲ್ಲಿ ಈ ಲೆಕ್ಕದ ಪುಟ್ಟ ಹಾಳೆಯೊಂದಿದೆ. ದರಗಳನ್ನು ತುಂಬಿದರೆ ಉತ್ತರ ಬರುತ್ತದೆ. ಶುಲ್ಕ ಪ್ರತಿ ಸಲವೂ ಬೀಳುವುದರಿಂದ, ತಿಂಗಳಲ್ಲಿ ಮೂರು ಸಲ ಚಿಲ್ಲರೆಯಾಗಿ ಕಳುಹಿಸುವುದಕ್ಕಿಂತ ಒಂದೇ ಸಲ ಕಳುಹಿಸುವುದು ಮೇಲು.

ದರದಲ್ಲಿ ಚೌಕಾಸಿಗೂ ಜಾಗವಿದೆ. ದೊಡ್ಡ ಮೊತ್ತ ತಂದವರು ಬಾಯಿಬಿಟ್ಟು ಕೇಳಿದರೆ ಶಾಖೆಯ ಮೇಲ್ವಿಚಾರಕರು ಎರಡು ಮೂರು ಪೈಸೆ ಹೆಚ್ಚಿಸಿ ಕೊಡುವುದುಂಟು. ಕೇಳಲು ನಾಚಿಕೊಳ್ಳಬೇಡಿ. ಹೊಸ ಆ್ಯಪ್‌ಗಳ ಆಕರ್ಷಕ ದರ ಹೆಚ್ಚಾಗಿ ಮೊದಲ ರವಾನೆಗೆ ಮಾತ್ರ. ಎರಡನೆಯದರ ದರ ನೋಡಿ ನಿರ್ಧರಿಸಿ. ನಿಮಿಷಗಳಲ್ಲಿ ನಗದಾಗಿ ಪಡೆಯುವ ಸೇವೆಗೆ ಒಂದು ದರ, ಬ್ಯಾಂಕ್ ಖಾತೆಗೆ ಹೋಗುವುದಕ್ಕೆ ಇನ್ನೊಂದು ದರ ಇರುತ್ತದೆ. ಆಸ್ಪತ್ರೆಯ ತುರ್ತು ಇಲ್ಲದಿದ್ದರೆ ನನಗೆ ಖಾತೆಯೇ ಸಾಕು.

ಹಲವರ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ: ರೂಪಾಯಿಗೆ ಪರಿವರ್ತನೆ ಎಲ್ಲಿ ನಡೆಯುತ್ತದೆ ಎಂಬುದು. ಇಲ್ಲಿಯೇ ರೂಪಾಯಿ ಮಾಡಿ ಕಳುಹಿಸಿದರೆ ರಸೀದಿಯಲ್ಲಿರುವ ಮೊತ್ತವೇ ಸಾಮಾನ್ಯವಾಗಿ ಊರಿಗೆ ಮುಟ್ಟುತ್ತದೆ. ದೇಶದೇಶಗಳ ಬ್ಯಾಂಕುಗಳನ್ನು ಬೆಸೆಯುವ ಸ್ವಿಫ್ಟ್ ಜಾಲದ ಮೂಲಕ ಡಾಲರನ್ನೋ ದಿರ್ಹಮ್ಮನ್ನೋ ಹಾಗೆಯೇ ಕಳುಹಿಸಿದರೆ ನಡುವಿನ ಬ್ಯಾಂಕು ತನ್ನ ಪಾಲನ್ನು ಕಡಿದುಕೊಳ್ಳಬಹುದು. ಬಳಿಕ ಭಾರತದ ಬ್ಯಾಂಕು ತನ್ನ ದರದಲ್ಲಿ ಪರಿವರ್ತಿಸಿ, ಆ ಸೇವೆಗೆ ಜಿಎಸ್‌ಟಿ ಹಾಕುತ್ತದೆ. ಒಂದು ಲಕ್ಷದವರೆಗಿನ ಮೊತ್ತವಾದರೆ ಅದರ ಶೇಕಡಾ 1ರಷ್ಟನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಮೌಲ್ಯ ಎಂದು ಹಿಡಿದು ಅದರ ಮೇಲೆ ಶೇಕಡಾ 18. ಹಾಗಾಗಿ 67,500 ರೂಪಾಯಿಗೆ ಸುಮಾರು 121 ರೂಪಾಯಿ ತೆರಿಗೆ. ಮೊತ್ತ ಸಣ್ಣದೇ, ಆದರೆ ಫಲಕ ನೋಡಿ ಗಳಿಸಿದ ನಾಲ್ಕು ಪೈಸೆಯ ಲಾಭ ಅಲ್ಲಿಗೆ ಮುಗಿಯಿತು.

ವಾರದ ದಿನ ಮತ್ತು ಹೊತ್ತಿನ ವಿಚಾರವೂ ಇದೆ. ಭಾರತದ ವಿದೇಶಿ ವಿನಿಮಯ ಮಾರುಕಟ್ಟೆ ಬೆಳಿಗ್ಗೆ 9ರಿಂದ ಮಧ್ಯಾಹ್ನ 3.30ರವರೆಗೆ ನಡೆಯುತ್ತದೆ, ನಮ್ಮ ಗಡಿಯಾರದಲ್ಲಿ ಅದು 7.30ರಿಂದ 2. ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿರುವಾಗ ಸೋಮವಾರ ಏನಾಗುವುದೋ ಎಂಬ ಅಳುಕಿನಿಂದ ಎಕ್ಸ್‌ಚೇಂಜ್‌ನವರು ದರವನ್ನು ತುಸು ಕೆಳಗಿಟ್ಟುಕೊಳ್ಳುತ್ತಾರೆ. ರಜೆ ಇದೆ ಎಂದು ಎಲ್ಲರೂ ಸರತಿಯಲ್ಲಿ ನಿಲ್ಲುವುದೂ ಆಗಲೇ. ನಾನು ವಾರದ ನಡುವೆ, ಮಧ್ಯಾಹ್ನದೊಳಗೆ ಕಳುಹಿಸುತ್ತೇನೆ.

ದರ ಏರಲಿ ಎಂದು ಕಾಯಬೇಕೇ? ಕೋಣೆಯ ಕಿರಿಯ ಗೆಳೆಯರು ಹೆಚ್ಚು ಕೇಳುವುದು ಇದನ್ನೇ. "ಅಣ್ಣ, ಇನ್ನೂ ಏರುತ್ತದೆಯೇ?" ಅವರಿಗೆ ನಾನು 2013ರ ಕಥೆ ಹೇಳುತ್ತೇನೆ. ಆ ಆಗಸ್ಟ್ ಕೊನೆಯಲ್ಲಿ ಡಾಲರ್ 68 ರೂಪಾಯಿ ದಾಟಿ, ದಿರ್ಹಮ್ 18.70ರ ಹತ್ತಿರ ಹೋಗಿತ್ತು. 20 ಆಗಿಯೇ ತೀರುತ್ತದೆ ಎಂಬ ಮಾತು ಎಲ್ಲ ಕಡೆ ಹಬ್ಬಿತ್ತು. ಅಕ್ಟೋಬರ್ ಹೊತ್ತಿಗೆ ಅದು 17ರ ಕೆಳಗಿಳಿಯಿತು. 20 ಬಂದದ್ದು ನಿಜ, ಆದರೆ ಎಷ್ಟೋ ವರ್ಷಗಳ ಮೇಲೆ. 2025ರ ಡಿಸೆಂಬರಿನಲ್ಲಿ ಡಾಲರ್ 90 ರೂಪಾಯಿ ದಾಟಿದಾಗ ದಿರ್ಹಮ್ 24.50 ಆಯಿತು. ದೀರ್ಘಕಾಲದಲ್ಲಿ ರೂಪಾಯಿ ಇಳಿಯುತ್ತಲೇ ಬಂದಿದೆ ಎಂಬುದನ್ನು ಹಿಡಿದುಕೊಂಡು ಕಾಯುವವರಿದ್ದಾರೆ. ಊರಿನಲ್ಲಿ ಸಾಲವಿರುವವರಿಗೆ ನಾನು ಹೇಳುವುದು ಬೇರೆ. ಶೇಕಡಾ 9ರ ಮನೆಸಾಲವಿದ್ದರೆ 67,500 ರೂಪಾಯಿಗೆ ಒಂದು ತಿಂಗಳ ಬಡ್ಡಿಯೇ 506 ರೂಪಾಯಿ. 3,000 ದಿರ್ಹಮ್ ಹಿಡಿದುಕೊಂಡು ತಿಂಗಳು ಕಾದವನಿಗೆ ಆ ಬಡ್ಡಿ ಹುಟ್ಟಬೇಕಾದರೆ ದರ 17 ಪೈಸೆ ಏರಬೇಕು. ಅದಕ್ಕಿಂತ ಹೆಚ್ಚು ಏರಿದರೆ ಮಾತ್ರ ಲಾಭ. ಸಾಲವಿಲ್ಲದವನೂ ಎಲ್ಲವನ್ನೂ ತಡೆದಿಡದೆ, ಮನೆಖರ್ಚಿನ ಹಣವನ್ನು ಸಮಯಕ್ಕೆ ಕಳುಹಿಸಿ ಉಳಿತಾಯದ ಭಾಗವನ್ನಷ್ಟೇ ಇಟ್ಟುಕೊಳ್ಳಲಿ. ನಾನು ಮಾಡುವುದೂ ಹಾಗೆಯೇ.

ಎಲ್ಲರಿಗಿಂತ ಹೆಚ್ಚು ದರ ಕೊಡುವುದು ಹುಂಡಿಯವರು, ಅಂದರೆ ಬ್ಯಾಂಕಿನ ದಾರಿ ಬಿಟ್ಟು ಗುಟ್ಟಾಗಿ ಹಣ ಮುಟ್ಟಿಸುವವರು. ಕಳುಹಿಸಿದ ಅರ್ಧ ಗಂಟೆಯಲ್ಲಿ ಮನೆ ಬಾಗಿಲಿಗೇ ನೋಟು ತಲುಪಿಸುತ್ತಾರೆ. ಭಾರತದ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಅದು ಕಾನೂನುಬಾಹಿರ. ಹಣ ತಲುಪದಿದ್ದರೆ ದೂರು ಕೊಡಲು ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ನನ್ನ ಹಣ ಅನಿವಾಸಿ ಭಾರತೀಯರು ವಿದೇಶದ ಗಳಿಕೆಯನ್ನು ಇಡುವ ಎನ್‌ಆರ್‌ಇ ಖಾತೆಗೆ ಹೋಗುತ್ತದೆ, ಮನೆಖರ್ಚಿನದು ಅಲ್ಲಿಂದ ಅಮ್ಮನ ಖಾತೆಗೆ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ, ಬೇಕೆಂದಾಗ ಹಣವನ್ನು ಮರಳಿ ಇಲ್ಲಿಗೆ ತರಿಸಿಕೊಳ್ಳಲೂಬಹುದು. ನಿವೇಶನ ಕೊಳ್ಳುವಾಗ ಹಣದ ಮೂಲ ಎಲ್ಲಿ ಎಂದು ಬ್ಯಾಂಕಿನವರು ಕೇಳಿದರು; ಜೋಡಿಸಿಟ್ಟಿದ್ದ ರವಾನೆಯ ರಸೀದಿಗಳನ್ನೇ ಕೊಟ್ಟೆ, ಬೇರೆ ಪ್ರಶ್ನೆ ಬರಲಿಲ್ಲ.