ಮೊಸರು-ಮಾವಿನ ತುಣುಕು ಕಲ್ಲಾಗದಿರಲು

ಧಾರವಾಡದಲ್ಲಿ ಮೇ ತಿಂಗಳು ಅಂದರೆ ಆಪೂಸ್ ಮಾವು. ಮೊಸರಿಗೆ ಅದರ ತಿರುಳು ಕಲಸಿ ಐಸ್ ಟ್ರೇಗೆ ಹಾಕಿದರೆ ಪ್ರತಿ ಸಲವೂ ಕಲ್ಲು. ಕಚ್ಚಿದರೆ ಕರಕರ ಐಸ್, ರುಚಿ ಸಪ್ಪೆ.

ತೊಂದರೆ ಇದ್ದದ್ದು ನೀರಿನಲ್ಲಿ. ಮೊಸರಿನ ನೀರು ಹೆಪ್ಪುಗಟ್ಟಿ ದಪ್ಪ ಹರಳಾಗುತ್ತದೆ. ಅದಕ್ಕೇ ಶ್ರೀಖಂಡಕ್ಕೆ ಮಾಡುವ ಹಾಗೆ ಎಮ್ಮೆ ಹಾಲಿನ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿ ಮೇಲಿಟ್ಟು, ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಟ್ಟೆ. ಹೊರಗಿಟ್ಟರೆ ಈ ಸೆಕೆಗೆ ಹುಳಿ ಏರುತ್ತದೆ, ಅಲ್ವಾ? ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಬೆಣ್ಣೆಯ ಹಾಗೆ ಬೆರಳಿಗಂಟುವ ಚಕ್ಕಾ, ಅಂದರೆ ನೀರು ಬಸಿದ ಗಟ್ಟಿ ಮೊಸರು.

ಒಂದು ಬಟ್ಟಲು ಚಕ್ಕಾಕ್ಕೆ ಅರ್ಧ ಬಟ್ಟಲು ತಿರುಳು, ಎರಡು ಚಮಚ ಜೇನುತುಪ್ಪ. ಸಿಹಿ ಬರೀ ರುಚಿಗಲ್ಲ. ಸಕ್ಕರೆ ಅಂಶ ಇದ್ದರೆ ಅಷ್ಟು ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ. ತಣ್ಣಗಿದ್ದಾಗ ಸಿಹಿ ಕಡಿಮೆ ಅನಿಸುತ್ತದೆ, ಹಾಗಾಗಿ ನಾಲಿಗೆಗೆ ಸ್ವಲ್ಪ ಜಾಸ್ತಿಯೇ ಅನಿಸಲಿ. ಪೇರಲ ಹಾಕುವುದಾದರೆ ಬೀಜ ಸೋಸಿ. ಕಲ್ಲಂಗಡಿ ಮಾತ್ರ ಬೇಡ, ಸುಮ್ನೆ ನೀರು.

ಟ್ರೇ ಬಿಟ್ಟು ತಟ್ಟೆಗೆ ಬಟರ್ ಪೇಪರ್ ಹಾಸಿ, ಚಮಚದಿಂದ ಸಣ್ಣ ಸಣ್ಣ ಗುಪ್ಪೆ ಇಟ್ಟೆ. ನಾಲ್ಕು ಗಂಟೆ ಫ್ರೀಜರ್‌ನಲ್ಲಿಟ್ಟರೆ ಸಾಕು, ಪೇಪರ್‌ನಿಂದ ಸಲೀಸಾಗಿ ಏಳುತ್ತವೆ. ಆಮೇಲೆ ಮುಚ್ಚಳದ ಡಬ್ಬಿಗೆ. ತಿನ್ನುವ ಐದು ನಿಮಿಷ ಮೊದಲು ಹೊರಗೆ ತೆಗೆಯಿರಿ.

ಬಸಿದ ಮೊಸರಿನ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ನಾದಲು ಚಲೋ ಆಗುತ್ತದೆ.